ಕೊರವಂಜಿಯ ಚಿತ್ರದಲ್ಲಿ ರಹಸ್ಯವೆಲ್ಲಿದೆ?

ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯನ್ನು ಕನ್ನಡಿಗರು ಎರಡು ಕಾರಣಗಳಿಂದ ಬಲ್ಲರು. ಶಿಲ್ಪಾಸಕ್ತರಿಗೆ ಅದು ಪೆದ್ದಣ್ಣ ಹೆಗ್ಗಡೆಯೂ ಅವನ ಸೋದರರಾದ ಸೋವಣ್ಣ, ಕೇಸಣ್ಣರೂ 1234ರ ಸುಮಾರಿಗೆ ಕಟ್ಟಿಸಿದ ಲಕ್ಷ್ಮೀನರಸಿಂಹ, ಸೋಮೇಶ್ವರ ದೇವಾಲಯಗಳ ಊರು. ಉಳಿದ ಬಹುಮಂದಿಗೆ ಕೋಡಿಮಠದ ಊರು. ಚುನಾವಣೆ ಸಮೀಪಿಸಿದಾಗ, ಮುಂಗಾರು ಹಿಂದೆಗೆದಾಗ, ಸರ್ಕಾರವೊಂದು ಅಲುಗಾಡುತ್ತಿರುವಾಗ ಆ ಮಠದ ಸ್ವಾಮಿಗಳು ಒಗಟಿನ ಮಾತಿನಲ್ಲಿ ನುಡಿಯುವ ಭವಿಷ್ಯವನ್ನು ಪತ್ರಿಕೆಗಳು ಅಚ್ಚುಮಾಡುತ್ತವೆ. ಓದಿದವರು ಜಗಲಿಯ ಮೇಲೆ ಕುಳಿತು ಆ ಒಗಟನ್ನು ಬಿಡಿಸುತ್ತಾರೆ. ಬಿಡಿಸಿದಂತೆಲ್ಲ ಪಕ್ಷಕ್ಕೊಂದು ಅರ್ಥ ಹೊರಡುತ್ತದೆ. ಸುದ್ದಿಯ ಪಕ್ಕದಲ್ಲಿ ಒಂದು ಭಾವಚಿತ್ರವೂ ಇರುವುದು ವಾಡಿಕೆ. ಕಾವಿ ವಸ್ತ್ರ, ವಿಭೂತಿ, ಎದುರುಮುಖ, ಹಗಲು ಬೆಳಕು. ನುಡಿ ಎಷ್ಟೇ ಗೂಢವಾಗಿರಲಿ, ಚಿತ್ರದಲ್ಲಿ ಗೂಢವಾದುದೇನೂ ಇಲ್ಲ. ಅದು ಗೌರವದ ಚಿತ್ರ, ಗೌರವಕ್ಕೆ ನೆರಳಿನ ಅಗತ್ಯವಿಲ್ಲ. ಮಠದ ನುಡಿಯ ಸತ್ಯಾಸತ್ಯಗಳು ಈ ಲೇಖನದ ವಿಷಯವಲ್ಲವೆಂದು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನನ್ನ ಕುತೂಹಲವಿರುವುದು ಚಿತ್ರದ ವಿಷಯದಲ್ಲಿ.

ಏಕೆಂದರೆ ‘ಭವಿಷ್ಯ ಹೇಳುವ ಹೆಂಗಸಿನ ಚಿತ್ರ’ ಎಂದೊಡನೆ ನಮ್ಮ ಮನಸ್ಸಿನಲ್ಲಿ ಏಳುವ ಆಕೃತಿಯೇ ಬೇರೆ. ಅರೆಗತ್ತಲೆ, ಆ ಕತ್ತಲೆಯೊಳಗಿನಿಂದ ಹೊಳೆಯುವ ಎರಡು ಕಣ್ಣು, ಕೊರಳ ತುಂಬ ಮಣಿಸರ, ಗಲ್ಲದ ಮೇಲೆ ಹಚ್ಚೆ, ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಕೋಲು, ಬೆನ್ನಿಗೆ ಮಗು, ಮುಂದೆ ಚಾಚಿದ ಯಾರದೋ ಅಂಗೈ. ಇಂತಹ ಚಿತ್ರದ ಎದುರು ನಿಂತವರು ‘ಏನೋ ರಹಸ್ಯವಿದೆ’ ಎನ್ನುವರು. ವಿಮರ್ಶಕರಾದರೆ ಬುಟ್ಟಿಯಲ್ಲಿ ಗರ್ಭದ ಸಂಕೇತವನ್ನೂ ಕೋಲಿನಲ್ಲಿ ವಿಧಿಯ ಸಂಕೇತವನ್ನೂ ಕಂಡು ಎರಡು ಪುಟ ಬರೆಯುವರು. ಮುಂದಾಗುವುದನ್ನು ನುಡಿಯುವ ಕಾರ್ಯವೊಂದೇ ಆಗಿರಲು, ಒಬ್ಬರ ಚಿತ್ರಕ್ಕೆ ರಹಸ್ಯ ಬೇಡವಾಗುವುದೂ ಇನ್ನೊಬ್ಬಳ ಚಿತ್ರವು ರಹಸ್ಯವಿಲ್ಲದೆ ಪೂರ್ಣವೇ ಆಗದಿರುವುದೂ ಏತಕ್ಕೆ? ಪಂಚಾಂಗವನ್ನು ಬಿಚ್ಚಿ ತಿಥಿ ನಕ್ಷತ್ರಗಳನ್ನು ಎಣಿಸುವ ಜೋಯಿಸರನ್ನು ಯಾರಾದರೂ ನಿಗೂಢ ವ್ಯಕ್ತಿಯಾಗಿ ಚಿತ್ರಿಸಿದ್ದುಂಟೆ? ಹೊಯ್ಸಳರ ದಾನಶಾಸನಗಳಲ್ಲಿ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಅಷ್ಟು ಜಾಗರೂಕತೆಯಿಂದ ಗುಣಿಸಿಕೊಟ್ಟವರು ರಾಜಸಭೆಯಲ್ಲಿ ಮನ್ನಣೆ ಪಡೆದ ವಿದ್ವಾಂಸರೇ ಹೊರತು ಮಾಯಾವಿಗಳೆಂದು ಹೆಸರಾದವರಲ್ಲ. ನನಗೆ ತೋರುವ ಮಟ್ಟಿಗೆ, ಕಣಿ ಹೇಳುವವಳ ಚಿತ್ರದಲ್ಲಿ ನಾವು ರಹಸ್ಯವೆಂದು ಕರೆಯುವ ವಸ್ತುವು ಅವಳದಲ್ಲ. ನೋಡುವವನ ಮನೆಯ ಜಗಲಿಗೂ ಅವಳು ನಿಂತ ಬೀದಿಗೂ ನಡುವಣ ಅಂತರವೇ ಅಲ್ಲಿ ಬಣ್ಣವಾಗಿ ಬಂದಿದೆ.

ಈ ಮಾತಿಗೆ ಮೊದಲ ಸಾಕ್ಷ್ಯವನ್ನು ಪರದೇಶದಿಂದಲೇ ತರುತ್ತೇನೆ, ಏಕೆಂದರೆ ಈ ವಸ್ತುವನ್ನು ಕುರಿತು ಅತಿ ಪ್ರಸಿದ್ಧವಾದ ಚಿತ್ರಗಳು ಅಲ್ಲಿಯವು. ಇಟಲಿಯ ಕಾರವಾಜ್ಜಿಯೋ ಎಂಬ ಚಿತ್ರಕಾರನು ಇಪ್ಪತ್ತು ದಾಟಿದ ತರುಣನಾಗಿದ್ದಾಗ, 1594–95ರ ಸುಮಾರಿನಲ್ಲಿ, ಇದೇ ವಿಷಯವನ್ನು ಎರಡು ಬಾರಿ ಬರೆದನು. ಒಂದು ಪಟ ಇಂದು ರೋಮಿನ ಕ್ಯಾಪಿಟೊಲೈನ್ ಸಂಗ್ರಹಾಲಯದಲ್ಲಿದೆ, ಇನ್ನೊಂದು ಪ್ಯಾರಿಸಿನ ಲೂವ್ರ್‌ನಲ್ಲಿ. ಗರಿಯ ಟೋಪಿಯಿಟ್ಟು ಸೊಂಟಕ್ಕೆ ಕತ್ತಿ ಕಟ್ಟಿದ ಸಿರಿವಂತ ಹುಡುಗನೊಬ್ಬ ತನ್ನ ಬಲಗೈಯ ಕೈಗವಸನ್ನು ತೆಗೆದು ಅಂಗೈಯನ್ನು ಅಲೆಮಾರಿ ಹುಡುಗಿಯೊಬ್ಬಳಿಗೆ ಒಪ್ಪಿಸಿದ್ದಾನೆ. ಅವಳು ಅಂಗೈಯನ್ನು ನೋಡುತ್ತಿಲ್ಲ. ಅವನ ಮುಖವನ್ನು ನೋಡುತ್ತಿದ್ದಾಳೆ. ಅವನೂ ಅವಳ ಮುಖದಲ್ಲಿ ಮೈಮರೆತಿದ್ದಾನೆ. ಆ ಎರಡು ನೋಟಗಳು ಮೇಲೆ ಸಂಧಿಸಿರಲು ಕೆಳಗೆ ಅವಳ ಬೆರಳುಗಳು ರೇಖೆಯನ್ನು ಸವರುವ ನೆವದಿಂದ ಅವನ ಉಂಗುರವನ್ನು ಮೆಲ್ಲನೆ ಜಾರಿಸಿಕೊಳ್ಳುತ್ತಿವೆ. ಮೂವತ್ತು ನಲವತ್ತು ವರ್ಷಗಳ ತರುವಾಯ ಫ್ರಾನ್ಸಿನ ಜಾರ್ಜ್ ದ ಲಾ ತೂರ್ ಬರೆದ ಚಿತ್ರದಲ್ಲಿ, ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ, ಕಳವು ಇನ್ನೂ ಬಹಿರಂಗ: ಮುದುಕಿಯೊಬ್ಬಳು ನಾಣ್ಯ ಹಿಡಿದು ಹುಡುಗನ ಗಮನವನ್ನು ಸೆಳೆದಿರುವಾಗ ಒಬ್ಬಳು ಅವನ ಕಿಸೆಗೆ ಕೈಹಾಕಿದ್ದಾಳೆ, ಮತ್ತೊಬ್ಬಳು ಅವನ ಸರಪಳಿಯ ಪದಕವನ್ನು ಕತ್ತರಿಸುತ್ತಿದ್ದಾಳೆ.

ಈ ಚಿತ್ರಗಳೆಲ್ಲ ಮಹತ್ತಾದ ಕೃತಿಗಳು, ಅದರಲ್ಲಿ ವಿವಾದವಿಲ್ಲ. ಆದರೆ ಅವುಗಳ ‘ರಹಸ್ಯ’ವನ್ನು ಬಿಡಿಸಿ ನೋಡಿದರೆ ಉಳಿಯುವುದು ಒಂದು ಎಚ್ಚರಿಕೆ: ಇವಳು ಕಳ್ಳಿ, ಕೈ ಕೊಡಬೇಡ. ಉಂಗುರ, ನಾಣ್ಯ, ಸರಪಳಿ ಇವು ಗೂಢ ಸಂಕೇತಗಳಲ್ಲ, ಪೊಲೀಸರ ಪಟ್ಟಿಯಲ್ಲಿ ಬರೆಯಬಹುದಾದ ಸೊತ್ತುಗಳು. ಕಾರವಾಜ್ಜಿಯೋನ ಚರಿತ್ರೆಯನ್ನು 1672ರಲ್ಲಿ ಅಚ್ಚುಮಾಡಿದ ಬೆಲ್ಲೋರಿ ಹೇಳುವ ಕಥೆಯೊಂದಿದೆ. ಪುರಾತನ ಗ್ರೀಕ್ ಶಿಲ್ಪಗಳನ್ನು ಮಾದರಿಯಾಗಿ ಇಟ್ಟುಕೊಳ್ಳೆಂದು ಹಿತವರು ಬುದ್ಧಿ ಹೇಳಿದಾಗ ಚಿತ್ರಕಾರನು ಬೀದಿಯ ಜನರತ್ತ ಕೈತೋರಿ, ಪ್ರಕೃತಿಯೇ ತನಗೆ ಸಾಕಷ್ಟು ಗುರುಗಳನ್ನು ಕೊಟ್ಟಿದೆಯೆಂದು, ಆ ಹೊತ್ತಿಗೆ ಹಾದುಹೋಗುತ್ತಿದ್ದ ಅಲೆಮಾರಿ ಹೆಣ್ಣನ್ನು ಕರೆದು ತಂದು ಬರೆದನಂತೆ. ಕಥೆ ನಿಜವಾಗಿದ್ದರೆ ಆ ಹೆಂಗಸು ದಾರಿಯಲ್ಲಿ ಹೋಗುತ್ತಿದ್ದವಳು, ಯಾರ ಉಂಗುರವನ್ನೂ ಕದ್ದವಳಲ್ಲ. ಕಳವನ್ನು ಅವಳ ಬೆರಳಿಗೆ ಅಂಟಿಸಿದವನು ಚಿತ್ರಕಾರ. ಆದರೂ ಅವನಿಗೆ ಒಂದು ಸತ್ಯ ಗೋಚರಿಸಿತ್ತು, ಅದಕ್ಕೆ ಮುಂದೆ ಮರಳುತ್ತೇನೆ: ಕಣಿ ಹೇಳುವವಳು ಓದುವುದು ಅಂಗೈಯನ್ನಲ್ಲ.

ಈಗ ನಮ್ಮ ಬೀದಿಗೆ ಬರೋಣ. ‘ಕಣಿ ಕೇಳ್ರವ್ವಾ ಕಣಿ’ ಎಂದು ಕೂಗುತ್ತ ಬಂದ ಕೊರವಂಜಿಯನ್ನು ಹಿತ್ತಲ ಬಾಗಿಲಲ್ಲೋ ಪಡಸಾಲೆಯ ಹೊರಗೋ ಕೂರಿಸಿಕೊಂಡು, ಗಂಡಸರು ಹೊಲಕ್ಕೆ ಹೋದ ಹೊತ್ತಿನಲ್ಲಿ, ಮನೆಯ ಹೆಂಗಸರು ಮೊರದಲ್ಲಿ ಅಕ್ಕಿಯನ್ನೋ ರಾಗಿಯನ್ನೋ ತಂದಿಡುತ್ತಿದ್ದರು. ಎಲೆಯಡಿಕೆ, ಒಂದು ಕಾಸು, ಮಾತು ಮನಸ್ಸಿಗೆ ಹಿಡಿಸಿದರೆ ಒಂದು ಹಳೆಯ ಸೀರೆ. ಅವಳು ಮೊದಲು ತನ್ನ ದೇವತೆಗಳನ್ನು ನೆನೆದು, ಮನೆದೇವರ ಹೆಸರನ್ನು ಕೇಳಿ, ಕೈ ಹಿಡಿದು, ರಾಗವೆಳೆದು ಆರಂಭಿಸುವಳು: ‘ತಾಯೀ, ನಿನ್ನ ಕೈ ದೊಡ್ಡದು, ಆದರೆ ಕೊಟ್ಟ ಕೈಗೆ ಹೆಸರಿಲ್ಲ, ಮನಸಿನಲ್ಲೊಂದು ಕೊರಗಿದೆ, ಯಾರಿಗೂ ಹೇಳಿಲ್ಲ.’ ಕೂಡು ಕುಟುಂಬದ ಯಾವ ಸೊಸೆಗೆ ತಾನೆ ಈ ಮಾತು ಸಲ್ಲದು? ಕೇಳುವವಳ ರೆಪ್ಪೆ ಒಂದಿಷ್ಟು ಅದುರಿದರೆ ಸಾಕು, ಕೊರವಂಜಿಗೆ ದಾರಿ ಸಿಕ್ಕಿತು. ಕೊರಗು ತೌರಿನದೋ, ಮಕ್ಕಳಿಲ್ಲದ್ದೋ, ಗಂಡನ ನಡತೆಯದೋ ಎಂದು ಒಂದೊಂದೇ ಬಾಗಿಲನ್ನು ಮೆತ್ತಗೆ ತಳ್ಳಿ ನೋಡಿ, ತೆರೆದುಕೊಂಡ ಬಾಗಿಲಿನಿಂದ ಒಳಹೊಕ್ಕು, ಅಲ್ಲಿ ಕಂಡುದನ್ನೇ ನಾಳೆಯ ಮಾತಾಗಿ ತಿರುಗಿಸಿ ಹೇಳುವಳು. ಇದು ಅಸಾಧಾರಣವಾದ ಮನಶ್ಶಾಸ್ತ್ರ. ವೈದ್ಯರು ಹಣ ಪಡೆದು ಮಾಡುವ ಪರೀಕ್ಷೆಯನ್ನು ಅವಳು ಒಂದು ಸೇರು ರಾಗಿಗೆ ಮಾಡುತ್ತಿದ್ದಳು. ಇದರಲ್ಲಿ ವಂಚನೆಯೇ ಇಲ್ಲವೆಂದು ನಾನು ವಾದಿಸುವವನಲ್ಲ. ದೃಷ್ಟಿಯ ಹೆಸರಿನಲ್ಲಿ ಹೆದರಿಸಿ ಕೋಳಿಯನ್ನೂ ಕಾಸನ್ನೂ ಕಿತ್ತವರು ಇದ್ದರು. ಆದರೆ ಶನಿಯ ಹೆಸರಿನಲ್ಲಿ ಹೆದರಿಸಿ ಎಳ್ಳು ದಾನವನ್ನು ಬರೆದುಕೊಟ್ಟವರೂ ಇದ್ದರು, ಅವರನ್ನು ಯಾರೂ ಹಿತ್ತಲ ಬಾಗಿಲಿನಲ್ಲಿ ಕೂರಿಸಲಿಲ್ಲ.

ಇನ್ನು ಆ ಬುಟ್ಟಿ, ಆ ಕೋಲು, ಆ ಮಗು. ಕೊರವ, ಕೊರಮ, ಕೊರಚ ಎಂದು ನಮ್ಮ ನಾಡಿನ ಬೇರೆ ಬೇರೆ ಕಡೆಗಳಲ್ಲಿ ಕರೆಯಿಸಿಕೊಳ್ಳುವ ಈ ಸಮುದಾಯಗಳ ಕುಲಕಸುಬು ಬುಟ್ಟಿ ಹೆಣೆಯುವುದು, ಮೊರ ಕಟ್ಟುವುದು, ಹಗ್ಗ ಹೊಸೆಯುವುದು; ಹೆಂಗಸರು ಹಚ್ಚೆ ಹಾಕುವುದರಲ್ಲಿಯೂ ನಿಪುಣೆಯರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯನನ್ನು ಕೊರಮರು ತಮ್ಮ ಹಿರಿಯನೆಂದು ಗೌರವಿಸುತ್ತಾರೆ. ಹೀಗಿರುವಾಗ ಅವಳ ಕಂಕುಳ ಬುಟ್ಟಿ ಮಾರಾಟಕ್ಕೆ ತಂದ ಸರಕು. ಕೋಲು ಊರೂರು ಸುತ್ತುವವಳಿಗೆ ನಾಯಿಯಿಂದ ರಕ್ಷಣೆ. ಬೆನ್ನಿನ ಮಗು ಗುಡಾರದಲ್ಲಿ ನೋಡಿಕೊಳ್ಳುವವರಿಲ್ಲದ ಕಾರಣ ಬೆನ್ನಿಗೆ ಬಂದ ಮಗು. ಜೀವನೋಪಾಯದ ಸಾಮಗ್ರಿಗಳನ್ನು ಸಂಕೇತಗಳೆಂದು ಓದುವ ವಿದ್ಯೆಗೆ ಒಂದು ಪೂರ್ವಸಿದ್ಧತೆ ಬೇಕು: ಆ ಸಾಮಗ್ರಿಗಳನ್ನು ನಾವೆಂದೂ ಹೊತ್ತಿರಬಾರದು.

ಬೇಲೂರಿಗೆ ಹೋದವರಿಗೆ ಮಾರ್ಗದರ್ಶಕರು ಚೆನ್ನಕೇಶವನ ಗುಡಿಯ ಮದನಿಕೆಯರನ್ನು ಒಬ್ಬೊಬ್ಬಳನ್ನಾಗಿ ತೋರಿಸುತ್ತ, ಇವಳು ದರ್ಪಣಸುಂದರಿ, ಇವಳು ಶುಕಭಾಷಿಣಿ, ಇವಳು ಬೇಟೆಗಾತಿ ಎಂದು ಹೇಳುವಾಗ ಒಬ್ಬಳನ್ನು ಕೊರವಂಜಿಯೆಂದೂ ತೋರಿಸುವರು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇಗುಲದಲ್ಲಿ ಹೊರಗೆ 38, ಒಳಗೆ 4, ಹೀಗೆ ಒಟ್ಟು 42 ಮದನಿಕೆಯರು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಹಲವು ಮದನಿಕೆಯರ ಪೀಠಗಳ ಮೇಲೆ ಅಕ್ಷರಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರನ್ನೂ ತಮ್ಮ ಬಿರುದುಗಳನ್ನೂ ಕಿಂಚಿತ್ತೂ ಸಂಕೋಚವಿಲ್ಲದೆ ಕೆತ್ತಿಕೊಂಡಿದ್ದಾರೆ. ಹೆಣ್ಣಿನ ಹೆಸರನ್ನು ಮಾತ್ರ ಯಾರೂ ಕೆತ್ತಿಲ್ಲ. ದರ್ಪಣಸುಂದರಿಯೂ ಕೊರವಂಜಿಯೂ ತರುವಾಯದ ಪ್ರೇಕ್ಷಕರು ಇಟ್ಟ ಹೆಸರುಗಳು. ಡಿ.ವಿ. ಗುಂಡಪ್ಪನವರು ‘ಅಂತಃಪುರಗೀತೆ’ಯಲ್ಲಿ ಈ ಹೆಣ್ಣುಗಳನ್ನು ಒಬ್ಬೊಬ್ಬಳನ್ನಾಗಿ ಮಾತಾಡಿಸಿ ಹಾಡು ಕಟ್ಟಿದುದೂ ಪ್ರೇಕ್ಷಕನ ಈ ಹಕ್ಕಿನಿಂದಲೇ, ರಸಿಕನಾದ ತತ್ತ್ವಜ್ಞಾನಿ ಆ ಹಕ್ಕನ್ನು ಬಳಸಿದ ರೀತಿಗೂ ಅವಸರದ ಪ್ರವಾಸಿ ಬಳಸುವ ರೀತಿಗೂ ಅಜಗಜಾಂತರವಿರುವುದು ಬೇರೆ ಮಾತು.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಆ ಶಿಲ್ಪಗಳ ಸಮಾನತೆ. ದರ್ಪಣ ಹಿಡಿದವಳಿಗೂ ಬಿಲ್ಲು ಹಿಡಿದವಳಿಗೂ ಕುಣಿಯುವವಳಿಗೂ ಶಿಲ್ಪಿ ಅದೇ ಬಳ್ಳಿಯ ಚಪ್ಪರವನ್ನು ಕೊಟ್ಟಿದ್ದಾನೆ, ಅದೇ ಬಾಗನ್ನು, ಅದೇ ಕಾಲ್ಕಡಗ ಕೊರಳಹಾರಗಳನ್ನು ಕೊಟ್ಟಿದ್ದಾನೆ. ಕೊರವಂಜಿಯೆನಿಸಿಕೊಂಡವಳಿಗಾಗಿ ಬೇರೆ ಕತ್ತಲೆಯನ್ನು ಅವನು ಸೃಷ್ಟಿಸಲಿಲ್ಲ. ಬಳಪದ ಕಲ್ಲಿನ ಮೇಲೆ ಬಿದ್ದ ಬಿಸಿಲು ಎಲ್ಲರ ಮೇಲೂ ಒಂದೇ ಸಮನಾಗಿ ಬಿದ್ದಿದೆ. ಇದು ಶಿಲ್ಪಿಯ ಸಾಮಾಜಿಕ ಔದಾರ್ಯವೆಂದು ನಾನು ಹೇಳಲಾರೆ. ಅವನಿಗೆ ಬೇಕಾಗಿದ್ದುದು ಚೆಲುವಿನ ವೈವಿಧ್ಯ. ಬಡವಿಯನ್ನು ಬಡವಿಯಾಗಿ ತೋರಿಸಿದ್ದರೆ ಅದು ದೇಗುಲದ ಭಿತ್ತಿಗೆ ಒಪ್ಪುತ್ತಿರಲಿಲ್ಲ. ಒಡವೆ ತೊಡಿಸಿ ಅಂತರವನ್ನು ಅಳಿಸಿದನು, ಅಂತರದ ಜೊತೆಗೆ ರಹಸ್ಯವೂ ಅಳಿಸಿಹೋಯಿತು. ನನ್ನ ವಾದಕ್ಕೆ ಅಷ್ಟು ಸಾಕು.

ನಮ್ಮ ಪುರಾಣಪರಂಪರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯೂರೋಪಿನ ಚಿತ್ರಕಾರರಿಗೆ ಹೊಳೆಯದಿದ್ದ ಒಂದು ಸಾಹಸವನ್ನು ಮಾಡಿತು: ದೇವರಿಗೇ ಕೊರವಂಜಿಯ ವೇಷ ತೊಡಿಸಿತು. ಶ್ರೀನಿವಾಸ ಕಲ್ಯಾಣದ ಕಥೆಯನ್ನು ಹರಿಕಥೆಯಲ್ಲೋ ಯಕ್ಷಗಾನದ ರಂಗದಲ್ಲೋ ಕಂಡವರೆಲ್ಲ ಇದನ್ನು ಬಲ್ಲರು. ಬೇಟೆಯ ನೆವದಿಂದ ಪದ್ಮಾವತಿಯನ್ನು ಕಂಡು ಮನಸೋತ ಶ್ರೀನಿವಾಸನು, ಮಗಳ ಕಾಯಿಲೆಗೆ ಕಾರಣ ತಿಳಿಯದೆ ಕಂಗೆಟ್ಟ ಧರಣೀದೇವಿಯ ಅರಮನೆಗೆ ಕಣಿ ಹೇಳುವವಳಾಗಿ ಬಂದು, ನಿನ್ನ ಮಗಳ ರೋಗಕ್ಕೆ ಮದ್ದು ಇಂಥವನೊಡನೆ ಮದುವೆಯೆಂದು ನುಡಿಯುತ್ತಾನೆ. ಆ ವೇಷದ ಸಾಮಗ್ರಿಯನ್ನು ವರ್ಣಿಸುವಾಗ ಬ್ರಹ್ಮನೇ ಕಂಕುಳ ಶಿಶುವಾದನೆಂದೂ ರುದ್ರನೇ ಕೈಗೋಲಾದನೆಂದೂ ಬ್ರಹ್ಮಾಂಡವೇ ಬುಟ್ಟಿಯಾಯಿತೆಂದೂ ಕಥೆ ಹೇಳುವವರ ವಾಡಿಕೆ. ಬುಟ್ಟಿ, ಕೋಲು, ಮಗು ಇಲ್ಲಿ ನಿಜವಾಗಿಯೂ ಸಂಕೇತಗಳಾಗಿವೆ, ಮತ್ತು ಎಂತಹ ಸಂಕೇತಗಳು! ರಹಸ್ಯವೂ ಇಲ್ಲಿ ನಿಜವಾದದ್ದೇ. ಪ್ರೇಕ್ಷಕರಿಗೆ ಅದು ಗೊತ್ತು, ಧರಣೀದೇವಿಗೆ ಮಾತ್ರ ಗೊತ್ತಿಲ್ಲ. ಭವಿಷ್ಯವನ್ನು ನುಡಿಯುವವನೇ ಅದನ್ನು ಆಗಮಾಡುವವನೂ ಆಗಿರುವುದರಿಂದ ಕಣಿ ಸುಳ್ಳಾಗುವಂತಿಲ್ಲ. ತಮಿಳಿನ ಕುರವಂಜಿ ನಾಟಕಗಳಲ್ಲಿ, ಹದಿನೆಂಟನೆಯ ಶತಮಾನದ ಕುಟ್ರಾಲ ಕುರವಂಜಿಯೇ ಮೊದಲಾದವುಗಳಲ್ಲಿ, ವಿರಹಿಣಿಯಾದ ನಾಯಕಿಯ ಕೈ ನೋಡುವವಳು ಮಾನುಷಿಯೇ. ತನ್ನ ಬೆಟ್ಟದ ಸೊಬಗನ್ನು ಹೆಮ್ಮೆಯಿಂದ ಹಾಡುವ, ಗಂಡನೊಡನೆ ಜಗಳವಾಡುವ ಹೆಂಗಸು. ಕುರತ್ತಿಗೆ, ಎಂದರೆ ತಮಿಳಿನ ಕೊರವಂಜಿಗೆ, ಊರು, ಗಂಡ, ಮಾತು ಎಲ್ಲವನ್ನೂ ಕೊಟ್ಟ ಆ ನಾಟಕಗಳು, ಅವಳ ಒಳಗೆ ದೇವರನ್ನು ಅಡಗಿಸಿಟ್ಟ ನಮ್ಮ ಪ್ರಸಂಗಗಳಿಗಿಂತ ಅವಳಿಗೆ ಹೆಚ್ಚು ನ್ಯಾಯ ಮಾಡಿದುವೆಂದು ನನಗೆ ತೋರುತ್ತದೆ. ದೇವರು ವೇಷ ಕಳಚಿ ಮದುವೆಗೆ ಹೋದ ಮೇಲೆ ನಮ್ಮ ಕಥೆಯಲ್ಲಿ ಕೊರವಂಜಿಯೇ ಉಳಿಯುವುದಿಲ್ಲ.

ಕಥೆಯ ಹೊರಗೆ ಅವಳಿಗೆ ಆದದ್ದು ಬೇರೆ. ಬ್ರಿಟಿಷರ ಆಡಳಿತ 1871ರಲ್ಲಿ ಕೆಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರುವ ಕಾಯಿದೆಯನ್ನು ತಂದಿತು. 1911ರಲ್ಲಿ ಅದನ್ನು ಬಿಗಿಗೊಳಿಸಿ ಮದರಾಸು ಅಧಿಪತ್ಯಕ್ಕೂ ವಿಸ್ತರಿಸಿದಾಗ ಕೊರವರ ಹಲವು ಪಂಗಡಗಳು ಆ ಪಟ್ಟಿಗೆ ಸೇರಿದುವು. ದಾಖಲೆಗೆ ಸೇರಿದವರ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆದುಕೊಳ್ಳುವ ಅಧಿಕಾರವನ್ನು ಆ ಕಾಯಿದೆ ಪೊಲೀಸರಿಗೆ ಕೊಟ್ಟಿತ್ತು. ಊರವರ ಕೈಯನ್ನು ನೋಡಿ ಬದುಕುತ್ತಿದ್ದವರ ಕೈಯನ್ನು ಸರ್ಕಾರ ನೋಡತೊಡಗಿತು. ಮಸಿ ಹಚ್ಚಿದ ಆ ಬೆರಳುಗಳಲ್ಲಿ ಅದು ಓದಿದ್ದೂ ಭವಿಷ್ಯವನ್ನೇ, ಇವರು ನಾಳೆ ಕದಿಯುವರು ಎಂಬ ಭವಿಷ್ಯವನ್ನು. 1952ರಲ್ಲಿ ಕಾಯಿದೆ ರದ್ದಾಯಿತು. ಕಾರವಾಜ್ಜಿಯೋನ ಚಿತ್ರವೇ ಈ ಕಾಯಿದೆಗೆ ಕಾರಣವೆಂದು ಯಾರೂ ಹೇಳಲಾರರು. ಆದರೆ ಒಂದು ಜನವರ್ಗವನ್ನು ನೋಡುವ ಕಣ್ಣು ಚಿತ್ರಶಾಲೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಎಂದು ಇರುವುದಿಲ್ಲ; ಪಟದಲ್ಲಿ ಮೋಹಕವಾಗಿದ್ದ ಸಂಶಯವು ಕಾಗದದ ಮೇಲೆ ಸೆಕ್ಷನ್ ಆಗುವಾಗ ಹೆಚ್ಚು ದೂರ ನಡೆಯಬೇಕಾಗಲಿಲ್ಲ.

ಇಲ್ಲಿಗೆ ಒಂದು ಪ್ರಬಲವಾದ ಆಕ್ಷೇಪ ಬರಬಹುದು. ಮೈಲಾರದ ಕಾರ್ಣಿಕವನ್ನು ನೋಡಿ ಎಂದು ಯಾರಾದರೂ ಹೇಳುವರು. ಹಡಗಲಿ ಸೀಮೆಯ ಮೈಲಾರಲಿಂಗನ ಜಾತ್ರೆಯಲ್ಲಿ, ಭರತ ಹುಣ್ಣಿಮೆಯ ಸಂದರ್ಭದಲ್ಲಿ, ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಒಂದೇ ಒಂದು ವಾಕ್ಯವನ್ನು ನುಡಿದು ಮೇಲಿಂದ ಕೆಳಕ್ಕೆ ಬೀಳುತ್ತಾನೆ. ಆ ವಾಕ್ಯವನ್ನು ವರ್ಷವಿಡೀ ರೈತರು ಮಳೆಬೆಳೆಗೆ, ರಾಜಕಾರಣಿಗಳು ಕುರ್ಚಿಗೆ ಹೊಂದಿಸಿ ನೋಡುತ್ತಾರೆ. ಕಂಬಳಿಯ ಗೊರವಯ್ಯನೇನು ವೈದಿಕ ವಿದ್ವಾಂಸನೆ, ಅರಮನೆಯ ಮನುಷ್ಯನೆ? ಅವನನ್ನು ಯಾರೂ ಕಳ್ಳನೆನ್ನಲಿಲ್ಲವಷ್ಟೆ. ಆಕ್ಷೇಪ ಸರಿಯಾದದ್ದು, ಅದರಿಂದ ನನ್ನ ವಾದವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಅಂತರವೆಂಬುದು ಜಾತಿಯ ಮೇಲು ಕೀಳೊಂದರಿಂದಲೇ ಅಳೆಯುವಂಥದಲ್ಲ. ನುಡಿಯುವವರ ಬೆನ್ನ ಹಿಂದೆ ಯಾರು ನಿಂತಿದ್ದಾರೆ ಎಂಬುದು ಮುಖ್ಯ. ಗೊರವಯ್ಯನ ಹಿಂದೆ ಮೈಲಾರಲಿಂಗನಿದ್ದಾನೆ, ಜಾತ್ರೆಯಿದೆ, ತಲೆಮಾರುಗಳ ಕಟ್ಟಳೆಯಿದೆ. ಮಠದ ನುಡಿಯ ಹಿಂದೆ ಪೀಠವಿದೆ. ಜೋಯಿಸರ ಹಿಂದೆ ಶಾಸ್ತ್ರವಿದೆ. ಇವರು ನುಡಿದಾಗ ಜನ ನುಡಿಯ ಅರ್ಥವನ್ನು ಹುಡುಕುತ್ತಾರೆ. ಒಬ್ಬಂಟಿಯಾಗಿ, ಹೆಣ್ಣಾಗಿ, ಪರವೂರಿನವಳಾಗಿ ಬಾಗಿಲಿಗೆ ಬಂದವಳು ನುಡಿದಾಗ ನುಡಿಯನ್ನು ಬಿಟ್ಟು ಅವಳ ಕಣ್ಣಿನಲ್ಲಿ, ಬುಟ್ಟಿಯಲ್ಲಿ, ಬೆರಳಿನಲ್ಲಿ ಅರ್ಥವನ್ನು ಹುಡುಕುತ್ತಾರೆ. ಚಿತ್ರಕಾರರಿಗೆ ಅವಳು ಇಷ್ಟೊಂದು ಪ್ರಿಯಳಾದುದಕ್ಕೂ ಇದೇ ಕಾರಣವಿರಬೇಕು.

ರವಿವರ್ಮನು 1893ರ ಷಿಕಾಗೋ ಪ್ರದರ್ಶನಕ್ಕೆ ಕಳುಹಿಸಿದ ಹತ್ತು ಚಿತ್ರಗಳಲ್ಲಿ ಒಂದು ಅಲೆಮಾರಿ ಕುಟುಂಬದ್ದು. ಅಲ್ಲಿ ಅಂಗೈಯಿಲ್ಲ, ಕಣಿಯಿಲ್ಲ. ಅವನ ಶಕುಂತಲೆ ದಮಯಂತಿಯರ ಮುಂದೆ ಆ ಪಟವನ್ನು ಇಂದು ನೆನೆಯುವವರು ಕಡಮೆ. ನನಗೆ ಅದರಲ್ಲಿ ಆಶ್ಚರ್ಯವೇನೂ ತೋರುವುದಿಲ್ಲ.

ಹಾಗಾದರೆ ಈ ವಿಷಯದಲ್ಲಿ ರಹಸ್ಯವೇ ಇಲ್ಲವೆ, ಕಲೆಗೆ ಇಲ್ಲಿ ಮಾಡುವ ಕೆಲಸವಿಲ್ಲವೆ ಎಂದು ಕೇಳುವವರಿಗೆ, ಇದೆ, ಆದರೆ ಚಿತ್ರಕಾರನ ಪೀಠವನ್ನು ತಿರುಗಿಸಿ ಇಡಬೇಕು ಎಂದು ನನ್ನ ಉತ್ತರ. ಕಾರವಾಜ್ಜಿಯೋ ಅರ್ಧ ಕಂಡಿದ್ದ ಸತ್ಯವೆಂದು ಹಿಂದೆ ಹೇಳಿದ್ದು ಇದನ್ನೇ. ಕಣಿಯಲ್ಲಿ ಓದಿಸಿಕೊಳ್ಳುವುದು ಅಂಗೈಯಲ್ಲ, ಮುಖ. ಆ ಮುಖ ಕೇಳುವವರದು. ನಾಲ್ಕು ಮಕ್ಕಳ ತಾಯಿ, ಲೆಕ್ಕಪತ್ರ ಬಲ್ಲ ಪಟೇಲ, ಓದಿ ಉದ್ಯೋಗ ಹಿಡಿದ ತರುಣ, ಇವರು ತಮ್ಮ ಸೋದರರಿಗೂ ಹೇಳದ ಮಾತನ್ನು ಹೆಸರು ಊರು ತಿಳಿಯದ ಒಬ್ಬಳ ಮುಂದೆ ಅಂಗೈಯ ಮೂಲಕ ಬಿಚ್ಚಿಡುವರಲ್ಲ, ಮತ್ತು ಬಿಚ್ಚಿಟ್ಟವರು ತಾವೇ ಎಂಬುದನ್ನು ಅರಿಯದೆ ‘ಎಷ್ಟು ಸರಿಯಾಗಿ ಹೇಳಿದಳು!’ ಎಂದು ಬೆರಗಾಗುವರಲ್ಲ, ರಹಸ್ಯವೆಂಬುದಿದ್ದರೆ ಅದು ಇಲ್ಲಿದೆ. ಅಪರಿಚಿತಳಾದುದರಿಂದಲೇ ಅವಳಿಗೆ ಹೇಳಬಹುದು. ನಾಳೆ ಅವಳು ಬೇರೆ ಊರಿನಲ್ಲಿರುತ್ತಾಳೆ, ಈ ಊರಿನ ಬಾವಿಕಟ್ಟೆಯಲ್ಲಿ ಅದನ್ನು ಆಡಲಾರಳು. ಯಾವ ಅಂತರವು ಅವಳನ್ನು ಸಂಶಯಕ್ಕೆ ಗುರಿಮಾಡಿತೋ ಆ ಅಂತರವೇ ಅವಳನ್ನು ವಿಶ್ವಾಸಕ್ಕೂ ಪಾತ್ರಳನ್ನಾಗಿ ಮಾಡಿತು. ಈ ವೈಚಿತ್ರ್ಯವನ್ನು ಹಿಡಿದ ಚಿತ್ರವನ್ನು ನಾನಿನ್ನೂ ಕಂಡಿಲ್ಲ.

ಬಣ್ಣದಲ್ಲಲ್ಲದಿದ್ದರೂ ಅಚ್ಚಿನ ಮಸಿಯಲ್ಲಿ ಅದರ ಹತ್ತಿರಕ್ಕೆ ಬಂದವರು ನಮ್ಮಲ್ಲಿ ಒಬ್ಬರಿದ್ದರು. ವೈದ್ಯರಾಗಿದ್ದ ಎಂ. ಶಿವರಾಂ, ‘ರಾಶಿ’ ಎಂದು ಕನ್ನಡಿಗರಿಗೆ ಪ್ರಿಯರಾದವರು, ಯುದ್ಧದ ದಿನಗಳ ನಡುವೆ 1942ರಲ್ಲಿ ಬೆಂಗಳೂರಿನಿಂದ ಒಂದು ಹಾಸ್ಯಪತ್ರಿಕೆಯನ್ನು ಹೊರಡಿಸಿ ಅದಕ್ಕೆ ‘ಕೊರವಂಜಿ’ ಎಂದು ಹೆಸರಿಟ್ಟರು, ತರುಣ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರಗಳನ್ನು ಬರೆದರು. ಅದು 1967ರವರೆಗೆ ನಡೆಯಿತು. ಈ ಕೊರವಂಜಿ ಕೈ ಹಿಡಿದದ್ದು ಓದುಗರದು, ಅಂದರೆ ಗುಮಾಸ್ತರ, ಮೇಷ್ಟರ, ಗೃಹಸ್ಥರ, ಮುಖಂಡರ ಕೈ. ಅವರು ನಾಳೆಯೇನು ಆಗುವರೆಂದು ಅವಳು ಹೇಳಲಿಲ್ಲ, ಇಂದು ಏನಾಗಿದ್ದಾರೆಂದು ಹೇಳಿದಳು. ಕೇಳಿದವರು ನಕ್ಕು ಕಾಸು ಕೊಟ್ಟರು. ಕಣಿಯ ಕಸುಬನ್ನು ಇಷ್ಟು ಸರಿಯಾಗಿ ಅರ್ಥಮಾಡಿಕೊಂಡ ಹೆಸರು ಇನ್ನೊಂದು ನನಗೆ ತಿಳಿಯದು. ಆದರೂ, ಇಪ್ಪತ್ತೈದು ವರ್ಷ ಮಧ್ಯಮವರ್ಗದ ಪಡಸಾಲೆಯೊಳಗೆ ಎಲ್ಲರ ನಡುವೆ ಕುಳಿತವಳು ಆ ಕಾಗದದ ಕೊರವಂಜಿ. ಮೊರ ಮಾರುವವಳು ಆಗಲೂ ಹಿತ್ತಲ ಬಾಗಿಲಿಗೇ ಬರುತ್ತಿದ್ದಳು.